ಕ್ಯಾಂಪರ್ ವ್ಯಾನಿಗೆ ಯಾವ ಫ್ರಿಜ್? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಬಹಳಷ್ಟು ಒಂದೇ ವಿಷ್ಯ. ವ್ಯಾನ್ ತಗೊಂಡಾಯ್ತು, ಒಳಗೆ ಹಾಸಿಗೆ, ಒಲೆ, ನೀರಿನ ಟ್ಯಾಂಕು ಎಲ್ಲಾ ಕೂರಿಸ್ತಾ ಇದೀವಿ, ಫ್ರಿಜ್ ಹತ್ರ ಬಂದು ಸಿಕ್ಕಾಕೊಂಡಿದೀವಿ ಅಂತ. ಎಷ್ಟು ಲೀಟರ್, ಯಾವ ಬ್ರ್ಯಾಂಡು ಅಂತ ಕೇಳೋರೇ ಜಾಸ್ತಿ, ಅದೆಲ್ಲ ಆಮೇಲಿನ ಮಾತು. ನೀವು ಮಲಗೋ ಜಾಗದಲ್ಲೇ, ತಲೆಯಿಂದ ಎರಡಡಿ ದೂರದಲ್ಲಿ ರಾತ್ರಿಯೆಲ್ಲಾ ಓಡೋ ಮಷೀನು ಇದು. ಡಬ್ಬಿಯಿಂದಲೇ ಅಪಾಯ ಆಗೋದು ಕಮ್ಮಿ, ಅದಕ್ಕೆ ಹೋಗೋ ವೈರು, ಅದರ ಸುತ್ತ ಇಲ್ಲದಿರೋ ಗಾಳಿ, ಕಟ್ಟದೇ ಹಾಗೇ ಇಟ್ಟಿರೋದು, ತೊಂದರೆ ಶುರುವಾಗೋದು ಇಲ್ಲಿಂದ. ಹಾಗಾಗಿ ಪ್ರಶ್ನೆಗಳನ್ನ ಅದೇ ಲೆಕ್ಕದಲ್ಲಿ ಆರಿಸ್ಕೊಂಡಿದೀನಿ.

ಪ್ರಶ್ನೆ: ನಾವಿಬ್ರು ಮತ್ತೆ ಒಂದು ಚಿಕ್ಕ ಮಗು. ಕಂಪ್ರೆಸರ್ ಫ್ರಿಜ್, ಗ್ಯಾಸಲ್ಲೂ ಓಡೋ ತ್ರೀ-ವೇ ಫ್ರಿಜ್, ಥರ್ಮೋಎಲೆಕ್ಟ್ರಿಕ್ ಕೂಲರ್ ಅಂತ ಮೂರು ಥರ ಕಾಣಿಸ್ತಿದೆ, ಮೂರನ್ನೂ ಪೋರ್ಟಬಲ್ ಫ್ರಿಜ್ ಅಂತಲೇ ಮಾರ್ತಾರೆ. ಸೇಫ್ ಯಾವ್ದು?

12 ವೋಲ್ಟಿನ ಕಂಪ್ರೆಸರ್ ಫ್ರಿಜ್. ಇಷ್ಟೇ ಸಾಕು ಅನ್ನೋರು ಮುಂದಿನ ಪ್ರಶ್ನೆಗೆ ಹೋಗ್ಬಹುದು, ಯಾಕೆ ಅಂತ ಬೇಕಿದ್ರೆ ಓದಿ.

ಥರ್ಮೋಎಲೆಕ್ಟ್ರಿಕ್ ಅಂದ್ರೆ ಪೆಲ್ಟಿಯರ್ ಪರಿಣಾಮದ ಮೇಲೆ ಓಡೋದು, ಎರಡು ಬೇರೆ ಲೋಹ ಸೇರೋ ಕಡೆ ಕರೆಂಟ್ ಹರಿಸಿದ್ರೆ ಒಂದು ಪಕ್ಕ ತಣ್ಣಗೆ, ಇನ್ನೊಂದು ಪಕ್ಕ ಬಿಸಿ ಆಗತ್ತೆ, ಪೆಲ್ಟಿಯರ್ ಅನ್ನೋ ಫ್ರೆಂಚ್ ವಿಜ್ಞಾನಿ 1834ರಲ್ಲೇ ಕಂಡುಹಿಡಿದಿದ್ದು. ಒಳಗೆ ಗ್ಯಾಸ್ ಇಲ್ಲ, ಬೆಂಕಿ ಇಲ್ಲ, ಓಡೋ ಭಾಗ ಅಂದ್ರೆ ಒಂದೆರಡು ಪುಟ್ಟ ಫ್ಯಾನ್ ಅಷ್ಟೇ, ಅದಕ್ಕೇ ಇದೇ ಎಲ್ಲಕ್ಕಿಂತ ಸೇಫ್ ಅಂತ ಅನ್ಸತ್ತೆ. ಆದ್ರೆ ಇದು ಹೊರಗಿನ ಬಿಸಿಗಿಂತ ಒಂದು 15ರಿಂದ 20 ಡಿಗ್ರಿ ಕೆಳಗೆ ಇಳಿಸತ್ತೆ, ಅದಕ್ಕಿಂತ ಕೆಳಗೆ ಇದರ ಕೈಲಿ ಆಗಲ್ಲ. ವ್ಯಾನ್ ಒಳಗೆ 38 ಡಿಗ್ರಿ ಇದ್ರೆ ಡಬ್ಬಿ ಒಳಗೆ 18ರಿಂದ 23. ಹಾಲು, ಮಾಂಸ, ಮಾಡಿಟ್ಟ ಅಡುಗೆ 5 ಡಿಗ್ರಿ ಅಥವಾ ಅದಕ್ಕಿಂತ ಕಮ್ಮೀಲಿ ಇರ್ಬೇಕು, 5ರಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾ ಬೆಳೆಯೋ ಜಾಗ. ಡಬ್ಬಿ ಮುಟ್ಟಿದ್ರೆ ತಣ್ಣಗಿರತ್ತೆ, ಫ್ರಿಜ್ಜಲ್ಲಿ ಇಟ್ಟಿದೀವಲ್ಲ ಅಂತ ನೀವು ನಂಬ್ಕೊಂಡು ಮಗುವಿಗೆ ಹಾಲು ಕುಡಿಸ್ತೀರ, ಅಪಾಯ ಇರೋದು ಆ ನಂಬಿಕೇಲೇ. ಜೊತೆಗೆ ಇದು ನಿಲ್ಲದೇ 4-5 ಆಂಪ್ ಎಳೀತಾ ಇರತ್ತೆ, ದಿನಕ್ಕೆ ನೂರು ಆಂಪ್ ಅವರ್ ದಾಟತ್ತೆ, ಕಂಪ್ರೆಸರ್ ಫ್ರಿಜ್ ತಿನ್ನೋದಕ್ಕಿಂತ ಎರಡು ಮೂರು ಪಟ್ಟು. ಒಂದು ದಿನದ ಪ್ರಯಾಣಕ್ಕೆ ನೀರಿನ ಬಾಟಲಿ ತಣ್ಣಗಿಡೋಕೆ ಸರಿ, ವಾಸ ಮಾಡೋ ಗಾಡಿಗೆ ಅಲ್ಲ.

ತ್ರೀ-ವೇ ಅನ್ನೋದು ಅಬ್ಸಾರ್ಪ್ಶನ್ ಫ್ರಿಜ್, ಗ್ಯಾಸ್, 12 ವೋಲ್ಟ್, ಮೇನ್ಸ್ ಮೂರರಲ್ಲೂ ಓಡತ್ತೆ. ಒಳಗಿರೋದು ಅಮೋನಿಯಾ, ನೀರು, ಹೈಡ್ರೋಜನ್. 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ವಾನ್ ಪ್ಲಾಟೆನ್ ಮತ್ತು ಮುಂಟರ್ಸ್, ಇದನ್ನ ಮಾಡಿದ್ರು, ಅದ್ಭುತವಾದ ಐಡಿಯಾ, ಬರೀ ಶಾಖ ಕೊಟ್ಟು ತಂಪು ಹುಟ್ಟಿಸೋದು, ಸದ್ದೇ ಇಲ್ಲ. ಆದ್ರೆ ಶಾಖ ಬರೋದು ಗ್ಯಾಸ್ ಉರಿಯಿಂದ, ಉರಿ ಇದ್ದ ಕಡೆ ಕಾರ್ಬನ್ ಮೊನಾಕ್ಸೈಡ್ ಬರೋ ಸಾಧ್ಯತೆ ಇದ್ದೇ ಇರತ್ತೆ, ಅದಕ್ಕೆ ಬಣ್ಣ ಇಲ್ಲ ವಾಸನೆ ಇಲ್ಲ, ತಲೆನೋವು ವಾಕರಿಕೆ ಶುರುವಾಗೋ ಹೊತ್ತಿಗೆ ನೀವು ನಿದ್ದೇಲಿದ್ರೆ ಎಚ್ಚರಾನೇ ಆಗದೇ ಇರ್ಬಹುದು. ಗೋಡೆಗೆ ಫಿಕ್ಸ್ ಮಾಡೋ ದೊಡ್ಡ ಅಬ್ಸಾರ್ಪ್ಶನ್ ಫ್ರಿಜ್ಜುಗಳಲ್ಲಿ ಬರ್ನರ್ ಭಾಗಾನ ಮಲಗೋ ಜಾಗದಿಂದ ಪೂರ್ತಿ ಸೀಲ್ ಮಾಡಿ, ಗಾಳಿ ಹೊರಗಿಂದ ಬಂದು ಹೊಗೆ ಹೊರಗೇ ಹೋಗೋ ಹಾಗೆ ಗ್ಯಾಸ್ ಕೆಲಸ ಗೊತ್ತಿರೋರು ಕೂರಿಸ್ತಾರೆ, ಅದು ಬೇರೆ ಮಾತು. ಪೋರ್ಟಬಲ್ ತ್ರೀ-ವೇ ಡಬ್ಬೀಲಿ ಇದ್ಯಾವುದೂ ಇರಲ್ಲ. ಅದರ ಮ್ಯಾನುಯಲ್ಲಲ್ಲೇ ಗ್ಯಾಸಲ್ಲಿ ಓಡಿಸೋದಾದ್ರೆ ಹೊರಗೆ, ಗಾಳಿ ಆಡೋ ಕಡೆ ಅಂತ ಬರೆದಿರ್ತಾರೆ, ಯಾರೂ ಓದಲ್ಲ.

ಇನ್ನೂ ಇದೆ. ಎಲ್‌ಪಿಜಿ ಗಾಳಿಗಿಂತ ಭಾರ, ಪ್ರೊಪೇನ್ ಸುಮಾರು ಒಂದೂವರೆ ಪಟ್ಟು, ಬ್ಯುಟೇನ್ ಎರಡು ಪಟ್ಟು, ಲೀಕ್ ಆದ್ರೆ ಕಿಟಕಿ ತೆಗೆದಿದ್ರೂ ನೆಲದ ಮೇಲೇ ಕೂತಿರತ್ತೆ. ಈ ಫ್ರಿಜ್ ಹೆಚ್ಚು ಕಮ್ಮಿ ಮಟ್ಟಸವಾಗಿ ನಿಂತಿರ್ಬೇಕು, ಒಂದು ಮೂರು ಡಿಗ್ರಿ ವಾಲಿದ್ರೂ ಒಳಗಿನ ದ್ರವ ಸರಿಯಾಗಿ ಹರಿಯಲ್ಲ, ತಂಪೂ ಆಗಲ್ಲ. ಗಾಡಿ ಓಡುವಾಗ ಉರಿ ಆರಿಸ್ಬೇಕು, ಪೆಟ್ರೋಲ್ ಬಂಕಿಗೆ ಹೋಗೋ ಮುಂಚೆ ಅಂತೂ ಆರಿಸ್ಲೇಬೇಕು, ಮರೆತ್ರೆ ಏನಾಗತ್ತೆ ಅಂತ ಹೇಳ್ಬೇಕಾಗಿಲ್ಲ. 12 ವೋಲ್ಟಲ್ಲಿ ಓಡಿಸೋಣ ಅಂದ್ರೆ 8 ಆಂಪಿಗೂ ಮೇಲೆ ಸತತವಾಗಿ ಎಳೆಯತ್ತೆ, ಇಂಜಿನ್ ಓಡ್ತಿದ್ರೆ ಮಾತ್ರ ಆಗೋ ಮಾತು.

ಒಂದು ಪಕ್ಕದ ಕಥೆ. ಬರ್ಲಿನ್ನಲ್ಲಿ ಒಂದು ಕುಟುಂಬ ಫ್ರಿಜ್ಜಿನಿಂದ ಸೋರಿದ ವಿಷಗಾಳಿಗೆ ಸತ್ತ ಸುದ್ದಿ ಓದಿ ಐನ್‌ಸ್ಟೈನ್ ಮತ್ತು ಭೌತವಿಜ್ಞಾನಿ ಲಿಯೋ ಸಿಲಾರ್ಡ್ ಇಬ್ಬರೂ ಕೂತು, ಓಡೋ ಭಾಗಗಳೇ ಇಲ್ಲದ, ಸೋರೋಕೆ ಸಂದೇ ಇಲ್ಲದ ಫ್ರಿಜ್ ಮಾಡೋಣ ಅಂತ ಹೊರಟಿದ್ರು, 1930ರಲ್ಲಿ ಅಮೆರಿಕದ ಪೇಟೆಂಟೂ ಸಿಕ್ತು. ಅದು ಮನೆ ಮನೆಗೆ ಬರಲಿಲ್ಲ. ಸಣ್ಣ ಜಾಗ, ಮುಚ್ಚಿದ ಬಾಗಿಲು, ಒಳಗೆ ಒಂದು ಫ್ರಿಜ್ ಅನ್ನೋ ಚಿಂತೆ ಹೊಸದಲ್ಲ ಅಂತ ಹೇಳೋಕೆ ಬರೆದೆ.

ಇನ್ನು ಕಂಪ್ರೆಸರ್. ಉರಿ ಇಲ್ಲ, ಹೊರಗೆ ಎಷ್ಟೇ ಸೆಖೆ ಇದ್ರೂ ಒಳಗೆ 3-4 ಡಿಗ್ರಿ ಹಿಡ್ಕೊಂಡಿರತ್ತೆ, ಬೇಕಿದ್ರೆ ಮೈನಸ್ 18ಕ್ಕೂ ಇಳಿಯತ್ತೆ, 30 ಡಿಗ್ರಿ ವಾಲಿದ್ರೂ ಸಾಮಾನ್ಯವಾಗಿ ಓಡತ್ತೆ. ಸದ್ದು ಸ್ವಲ್ಪ ಇದೆ, ಅಭ್ಯಾಸ ಆಗತ್ತೆ.

ಪ್ರಶ್ನೆ: ಕಂಪ್ರೆಸರ್ ಫ್ರಿಜ್ ಸೇಫ್ ಅಂತೀರ, ಆದ್ರೆ ನಾನು ನೋಡಿದ ಮಾಡೆಲ್ ಮೇಲೆ ಆರ್600ಎ, ಬೆಂಕಿಯ ಚಿಹ್ನೆ ಬೇರೆ ಇದೆ. ಹುಡುಕಿದ್ರೆ ಐಸೋಬ್ಯುಟೇನ್ ಅಂತ ಬಂತು, ಲೈಟರ್ ಗ್ಯಾಸಿನ ಜಾತಿ. ಅದನ್ನ ಪಕ್ಕದಲ್ಲಿಟ್ಕೊಂಡು ಮಲಗೋದಾ?

ಒಳ್ಳೇ ಪ್ರಶ್ನೆ, ಹೆದರಿಕೇನೂ ತಪ್ಪಲ್ಲ. ಆರ್600ಎ ಅಂದ್ರೆ ಫ್ರಿಜ್ಜಿನ ಪೈಪುಗಳಲ್ಲಿ ಸುತ್ತುತ್ತಾ ತಂಪು ಮಾಡೋ ಗ್ಯಾಸು. ಲೆಕ್ಕ ಹಾಕಿ ನೋಡೋಣ.

ಗಾಳೀಲಿ ಐಸೋಬ್ಯುಟೇನ್ ಸುಮಾರು 1.8 ಪರ್ಸೆಂಟ್ ಸೇರಿದಾಗ ಮಾತ್ರ ಕಿಡಿ ತಾಗಿದ್ರೆ ಹೊತ್ತಿಕೊಳ್ಳತ್ತೆ. ತೂಕದ ಲೆಕ್ಕದಲ್ಲಿ ಒಂದು ಘನ ಮೀಟರ್ ಗಾಳಿಗೆ 43 ಗ್ರಾಂ. ಇದರ ಐದನೇ ಒಂದು ಭಾಗ, ಅಂದ್ರೆ ಘನ ಮೀಟರಿಗೆ 8 ಗ್ರಾಂ ಮೀರಬಾರದು ಅನ್ನೋದು ಮ್ಯಾನುಯಲ್ಲುಗಳಲ್ಲಿ ಸಾಮಾನ್ಯವಾಗಿ ಕಾಣೋ ನಿಯಮ. ಸಣ್ಣ ಪೋರ್ಟಬಲ್ ಫ್ರಿಜ್ಜಲ್ಲಿ ಇರೋದು ಕೆಲವು ಹತ್ತು ಗ್ರಾಂ ಅಷ್ಟೇ, ಎಷ್ಟು ಅಂತ ಹಿಂದಿನ ರೇಟಿಂಗ್ ಪ್ಲೇಟಲ್ಲಿ ಬರೆದಿರ್ಲೇಬೇಕು. 40 ಗ್ರಾಂ ಇದೆ ಅಂತಿಟ್ಕೊಳ್ಳಿ, 8ರಿಂದ ಭಾಗಿಸಿದ್ರೆ 5 ಘನ ಮೀಟರ್ ಜಾಗ ಬೇಕು. ಎತ್ತರದ ಛಾವಣಿಯ ದೊಡ್ಡ ವ್ಯಾನಲ್ಲಿ ಹತ್ತು ಘನ ಮೀಟರ್ ಸುಲಭವಾಗಿ ಸಿಗತ್ತೆ, ಹಾಗಾಗಿ ಅಷ್ಟೂ ಒಮ್ಮೆಲೇ ಸೋರಿ ಹರಡಿದ್ರೂ ಮಿತಿ ಒಳಗೇ. ಆದ್ರೆ ಚಿಕ್ಕ ಮಿನಿ ವ್ಯಾನಲ್ಲಿ, ಅರ್ಧ ಜಾಗ ಬೀರು ಹಾಸಿಗೆ ತಿಂದಿದ್ರೆ ಈ ಲೆಕ್ಕ ಕೈಕೊಡತ್ತೆ, ನಿಮ್ಮ ಗಾಡಿ ಉದ್ದ ಅಗಲ ಎತ್ತರ ಅಳೆದು ಗುಣಿಸಿ, ಸಾಮಾನು ತಿಂದ ಜಾಗ ಕಳೆದು ನೋಡಿ. ಜಾಗ ಸಾಲದಿದ್ರೆ ಆರ್134ಎ ಅನ್ನೋ ಬೇರೆ ಗ್ಯಾಸ್ ಇರೋ ಮಾಡೆಲ್ ನೋಡಿ, ಅದು ಹೊತ್ತಿಕೊಳ್ಳಲ್ಲ, ಭೂಮಿ ಬಿಸಿ ಮಾಡೋ ವಿಷ್ಯದಲ್ಲಿ ಮಾತ್ರ ಕೆಟ್ಟದು, ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮೇಲೆ.

ಒಂದು ಆದರೆ ಇದೆ. ಹರಡಿದ್ರೆ ಅಂದೆ ಅಲ್ವಾ, ಇದೂ ಗಾಳಿಗಿಂತ ಎರಡು ಪಟ್ಟು ಭಾರ, ಫ್ರಿಜ್ಜನ್ನ ಹಾಸಿಗೆ ಕೆಳಗೆ ಸಂದಿಲ್ಲದ ಪೆಟ್ಟಿಗೇಲಿ ತುಂಬಿಟ್ಟು, ಅದೇ ಪೆಟ್ಟಿಗೇಲಿ ಇನ್ವರ್ಟರು, ರಿಲೇ, ಸ್ವಿಚ್ಚು ಎಲ್ಲಾ ಇಟ್ರೆ ಗ್ಯಾಸು ಹರಡಲ್ಲ, ಅಲ್ಲೇ ಸೇರ್ಕೊಳ್ಳತ್ತೆ, ಕಿಡೀನೂ ಅಲ್ಲೇ ಹುಟ್ಟತ್ತೆ. ಫ್ರಿಜ್ ಇರೋ ಗೂಡಿನ ಕೆಳಗಡೆ ಗಾಳಿ ಕಿಂಡಿ ಇರ್ಲಿ, ಎಲೆಕ್ಟ್ರಿಕಲ್ ಸಾಮಾನು ಬೇರೆ ಗೂಡಿಗೆ ಹೋಗ್ಲಿ.

ನಿಜ ಹೇಳ್ಬೇಕಂದ್ರೆ ಆರ್600ಎ ಸೋರೋಹಾಗೆ ಮಾಡೋದು ಬಹಳ ಸಲ ನಾವೇ. ಐಸ್ ಕಟ್ಟಿದ್ದನ್ನ ಚಾಕುವಿನಿಂದ ಕೆರೆಯೋದು, ಹಿಡಿಕೆ ಕೂರಿಸೋಕೆ ಫ್ರಿಜ್ಜಿನ ಗೋಡೆಗೇ ಸ್ಕ್ರೂ ಹೊಡೆಯೋದು. ಆ ಗೋಡೆ ಒಳಗೇ ಪೈಪು ಸುತ್ತಿರತ್ತೆ. ಫ್ರಿಜ್ಜಿಗೆ ಡ್ರಿಲ್ ಹಚ್ಚಬೇಡಿ. ಬುಸ್ ಅಂತ ಸದ್ದು ಕೇಳಿದ್ರೆ ಯಾವ ಸ್ವಿಚ್ಚೂ ಮುಟ್ಟದೇ ಬಾಗಿಲೆಲ್ಲ ತೆಗೆದು ಹೊರಗೆ ಬನ್ನಿ.

ಪ್ರಶ್ನೆ: ಫ್ರಿಜ್ ಹೊಸದು, ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚಿದೀನಿ. ರಾತ್ರಿ ಇದ್ದಕ್ಕಿದ್ದಂಗೆ ಆಫ್ ಆಗತ್ತೆ, ಬೆಳಗ್ಗೆ ನೋಡಿದ್ರೆ ಬ್ಯಾಟರಿ ತುಂಬಿದೆ ಅಂತ ತೋರಿಸತ್ತೆ. ಪ್ಲಗ್ ಬೇರೆ ಬಿಸಿ ಆಗಿ ಪ್ಲಾಸ್ಟಿಕ್ ಸ್ವಲ್ಪ ಕರಗಿದೆ. ಫ್ರಿಜ್ಜೇ ಡಿಫೆಕ್ಟಾ?

ಫ್ರಿಜ್ಜಿನ ತಪ್ಪಿರೋ ಸಾಧ್ಯತೆ ಕಮ್ಮಿ. ಎರಡೂ ತೊಂದರೆಗೆ ಕಾರಣ ಒಂದೇ ಅನ್ಸತ್ತೆ, ವೈರು ಮತ್ತು ಆ ಸಾಕೆಟ್ಟು. ಮೊದ್ಲು ಆ ಪ್ಲಗ್ ಕಿತ್ತು ಇಡಿ, ಕರಗಿದ ಪ್ಲಗ್ ಮತ್ತೆ ಬಳಸ್ಬೇಡಿ, ಪತ್ರ ಓದ್ತಿದ್ದ ಹಾಗೇ ಹೋಗಿ ಕೀಳಿ.

ಸಿಗರೇಟ್ ಲೈಟರ್ ಸಾಕೆಟ್ಟು ಮಾಡಿದ್ದು ಅರ್ಧ ನಿಮಿಷ ತಂತಿ ಕೆಂಪಗೆ ಮಾಡೋಕೆ, ದಿನಪೂರ್ತಿ ಕರೆಂಟ್ ಹರಿಸೋಕಲ್ಲ. ಒಂದು ಸ್ಪ್ರಿಂಗ್ ಪಿನ್ನಿನ ತುದಿ ಮೇಲೆ ಇಡೀ ಸಂಪರ್ಕ ನಿಂತಿರತ್ತೆ, ಗಾಡಿ ಕುಲುಕಿದ ಹಾಗೆ ಸಡಿಲ ಆಗತ್ತೆ, ಸಡಿಲ ಆದ ಕಡೆ ಬಿಸಿ ಹುಟ್ಟತ್ತೆ, ಬಿಸಿಗೆ ಸ್ಪ್ರಿಂಗ್ ಇನ್ನೂ ಸಡಿಲ ಆಗತ್ತೆ, ಹೀಗೇ ಹೋಗತ್ತೆ ಕೊನೆಗೆ ಪ್ಲಾಸ್ಟಿಕ್ ಕರಗೋವರೆಗೂ. ಫ್ಯೂಸ್ ಹೋಗಲ್ವಾ ಅಂತ ಕೇಳ್ಬಹುದು, ಹೋಗಲ್ಲ, ಯಾಕಂದ್ರೆ ಕರೆಂಟ್ ಜಾಸ್ತಿ ಆಗಿಲ್ಲ, ಅದೇ 5 ಆಂಪ್ ಕೆಟ್ಟ ಜಾಗದಲ್ಲಿ ಹರೀತಿದೆ ಅಷ್ಟೇ. ಫ್ಯೂಸ್ ಇರೋದು ವೈರನ್ನ ಕಾಪಾಡೋಕೆ, ಸಡಿಲ ಸಂಪರ್ಕ ಅದಕ್ಕೆ ಗೊತ್ತೇ ಆಗಲ್ಲ.

ಈಗ ರಾತ್ರಿ ಆಫ್ ಆಗೋದು. ಈ ಫ್ರಿಜ್ಜುಗಳಲ್ಲಿ ಬ್ಯಾಟರಿ ಪ್ರೊಟೆಕ್ಷನ್ ಅಂತ ಲೋ, ಮೀಡಿಯಂ, ಹೈ ಮೂರು ಮಟ್ಟ ಇರತ್ತೆ, ವೋಲ್ಟೇಜ್ ಒಂದು ಮಟ್ಟಕ್ಕೆ ಇಳಿದ್ರೆ ಬ್ಯಾಟರಿ ಸಾಯಬಾರ್ದು ಅಂತ ಫ್ರಿಜ್ ತಾನೇ ನಿಲ್ಲತ್ತೆ. ಅದು ಅಳೆಯೋದು ತನ್ನ ಹತ್ರ ಬಂದ ವೋಲ್ಟೇಜು, ಬ್ಯಾಟರೀಲಿ ಇರೋದಲ್ಲ. ಬ್ಯಾಟರಿಯಿಂದ ಫ್ರಿಜ್ಜಿಗೆ 5 ಮೀಟರ್ ದೂರ ಅಂದ್ರೆ ಹೋಗೋದು ಬರೋದು ಸೇರಿ 10 ಮೀಟರ್ ತಾಮ್ರ. 1.5 ಚದರ ಮಿಲಿಮೀಟರ್ ವೈರಲ್ಲಿ 5 ಆಂಪ್ ಹರಿದ್ರೆ ದಾರೀಲೇ ಹೆಚ್ಚು ಕಮ್ಮಿ 0.6 ವೋಲ್ಟ್ ಕಳ್ದೋಗತ್ತೆ, ಕಂಪ್ರೆಸರ್ ಸ್ಟಾರ್ಟ್ ಆಗೋ ಕ್ಷಣದಲ್ಲಿ ಇನ್ನೂ ಜಾಸ್ತಿ, ಸಡಿಲ ಸಾಕೆಟ್ಟಿನ ನಷ್ಟ ಬೇರೆ. ಬ್ಯಾಟರೀಲಿ 12.3 ಇದ್ರೂ ಫ್ರಿಜ್ಜಿಗೆ ಕಾಣೋದು 11.5. ಹೈ ಸೆಟ್ಟಿಂಗಲ್ಲಿದ್ರೆ ಬ್ಯಾಟರಿ ಖಾಲಿ ಅಂತ ತಿಳ್ಕೊಂಡು ನಿಲ್ಲತ್ತೆ, ನಿಂತ ಮೇಲೆ ಕರೆಂಟ್ ಹರಿಯಲ್ಲ, ವೋಲ್ಟೇಜ್ ಮೇಲೇರತ್ತೆ, ಮತ್ತೆ ಹೊರಡತ್ತೆ, ಮತ್ತೆ ನಿಲ್ಲತ್ತೆ. ನೀವು ಬೆಳಗ್ಗೆ ನೋಡೋ ಹೊತ್ತಿಗೆ ಬ್ಯಾಟರಿ ತುಂಬಿದ ಹಾಗೇ ಇರತ್ತೆ, ಒಳಗಿನ ಊಟ ಮಾತ್ರ ರಾತ್ರಿಯೆಲ್ಲಾ ಬೆಚ್ಚಗೆ ಕೂತಿರತ್ತೆ.

ಅದೇ ದೂರಕ್ಕೆ 6 ಚದರ ಮಿಲಿಮೀಟರ್ ವೈರ್ ಹಾಕಿದ್ರೆ ನಷ್ಟ 0.15 ವೋಲ್ಟಿಗೆ ಇಳಿಯತ್ತೆ. ಹಾಗಾಗಿ ಫ್ರಿಜ್ಜಿಗೆ ಬೇರೆಯದೇ ಲೈನ್ ಎಳೀರಿ, 4 ಅಥವಾ 6 ಚದರ ಮಿಲಿಮೀಟರ್, ಅಪ್ಪಟ ತಾಮ್ರ, ಎಳೆಎಳೆಯಾಗಿರೋದು. ಅಲ್ಯುಮಿನಿಯಂ ಮೇಲೆ ತಾಮ್ರದ ಲೇಪ ಕೊಟ್ಟ ವೈರ್ ನೋಡೋಕೆ ಹಾಗೇ ಇರತ್ತೆ, ತೂಕ ಹಗುರ, ತುದಿ ಕೆರೆದ್ರೆ ಬೆಳ್ಳಗೆ ಕಾಣತ್ತೆ, ಅದು ಬೇಡ. ಫ್ಯೂಸ್ ಬ್ಯಾಟರಿಯ ಪಾಸಿಟಿವ್ ತುದಿಗೆ ಎಷ್ಟು ಹತ್ರ ಆಗತ್ತೋ ಅಷ್ಟು ಹತ್ರ, ಸಾಮಾನ್ಯವಾಗಿ 15 ಆಂಪ್, ಫ್ರಿಜ್ಜಿನ ಮ್ಯಾನುಯಲ್ ಬೇರೆ ಹೇಳಿದ್ರೆ ಅದೇ ಸರಿ. ಫ್ರಿಜ್ ಹತ್ರ ಫ್ಯೂಸ್ ಹಾಕಿ ಬ್ಯಾಟರಿ ಹತ್ರ ಬಿಟ್ರೆ, ನಡುವಿನ ವೈರು ತಗಡಿನ ಅಂಚಿಗೆ ಉಜ್ಜಿ ಶಾರ್ಟ್ ಆದಾಗ ತಡೆಯೋರು ಯಾರೂ ಇರಲ್ಲ, ಅದಕ್ಕೇ ತಗಡು ದಾಟೋ ಕಡೆಯೆಲ್ಲ ರಬ್ಬರ್ ಗ್ರಾಮೆಟ್ ಹಾಕಿ. ಲಿಥಿಯಂ ಬ್ಯಾಟರಿ ಇದ್ರೆ ಅದರ ಮೇನ್ ಫ್ಯೂಸ್ ಕ್ಲಾಸ್ ಟಿ ಥರದ್ದು ಇರ್ಲಿ, ಶಾರ್ಟ್ ಆದಾಗ ಲಿಥಿಯಂ ಸಾವಿರಾರು ಆಂಪ್ ಕೊಡಬಲ್ಲದು, ಸಾಧಾರಣ ಬ್ಲೇಡ್ ಫ್ಯೂಸ್ ಅದನ್ನ ಕಡಿಯೋಕೆ ಸಾಲಲ್ಲ. ಕೊನೇ ಸಂಪರ್ಕಕ್ಕೆ ಆಂಡರ್ಸನ್ ಕನೆಕ್ಟರ್ (ಬಿಗಿಯಾಗಿ ಕಚ್ಚಿಕೊಳ್ಳೋ ಜೋಡಿ ಪ್ಲಗ್) ಅಥವಾ ತಿರುಗಿಸಿ ಲಾಕ್ ಮಾಡೋ ಪ್ಲಗ್.

ಪ್ರೊಟೆಕ್ಷನ್ ಸೆಟ್ಟಿಂಗು: ಗಾಡಿ ಸ್ಟಾರ್ಟ್ ಮಾಡೋ ಬ್ಯಾಟರಿಗೇ ಜೋಡಿಸಿದ್ರೆ ಹೈ, ಇಲ್ದಿದ್ರೆ ಬೆಳಗ್ಗೆ ಗಾಡಿ ತಳ್ಬೇಕಾಗತ್ತೆ. ಬೇರೆ ಬ್ಯಾಟರಿ ಇದ್ದು ಅದಕ್ಕೆ ಬಿಎಂಎಸ್, ಅಂದ್ರೆ ಬ್ಯಾಟರಿಯನ್ನ ತಾನೇ ಕಾಯೋ ಎಲೆಕ್ಟ್ರಾನಿಕ್ ಬೋರ್ಡು, ಇದ್ರೆ ಲೋ.

ಪ್ರಶ್ನೆ: 40 ಲೀಟರ್ ಫ್ರಿಜ್ಜಿಗೆ ಎಷ್ಟು ಬ್ಯಾಟರಿ ಬೇಕು?

ಓಡುವಾಗ 45 ವ್ಯಾಟ್, ದಿನದಲ್ಲಿ ಶೇಕಡ 40ರಷ್ಟು ಹೊತ್ತು ಓಡತ್ತೆ ಅಂದ್ಕೊಂಡ್ರೆ 24 ಗಂಟೆಗೆ 430 ವ್ಯಾಟ್ ಅವರ್, 12 ವೋಲ್ಟಲ್ಲಿ 36 ಆಂಪ್ ಅವರ್. 100 ಆಂಪ್ ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರೀಲಿ ಬಿಸಿಲಿಲ್ಲದೇ ಎರಡು ದಿನ ಆರಾಮ. ಅದೇ ಗಾತ್ರದ ಎಜಿಎಂ (ಸೀಲ್ ಮಾಡಿದ ಸೀಸ-ಆಸಿಡ್ ಬ್ಯಾಟರಿ) ಅನ್ನ ಅರ್ಧಕ್ಕಿಂತ ಕೆಳಗೆ ಇಳಿಸಬಾರ್ದು, ಹಾಗಾಗಿ ಒಂದು ದಿನ ಚಿಲ್ಲರೆ. ಸೆಖೇಲಿ ಓಡೋ ಹೊತ್ತು ಶೇಕಡ 60-70ಕ್ಕೂ ಏರತ್ತೆ, ಫ್ರೀಜರ್ ಮಾಡ್ಕೊಂಡ್ರೆ ಇನ್ನೂ ಜಾಸ್ತಿ, ಲೆಕ್ಕ ಬಿಗಿಯಾಗಿ ಹಾಕ್ಬೇಡಿ. 100 ವ್ಯಾಟ್ ಸೋಲಾರ್ ಪ್ಯಾನೆಲ್ ಒಳ್ಳೇ ಬಿಸಿಲಿದ್ದ ದಿನ ಸುಮಾರು 300 ವ್ಯಾಟ್ ಅವರ್ ಕೊಟ್ರೆ ಹೆಚ್ಚು, ಅಂದ್ರೆ ಒಂದು ಪ್ಯಾನೆಲ್ ಸಾಲಲ್ಲ, ಎರಡು ಹಾಕಿ. ಲಿಥಿಯಂ ಬ್ಯಾಟರೀನ ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡ್ಬಾರ್ದು, ಚಳಿ ಜಾಗಕ್ಕೆ ಹೋಗೋರು ಅದನ್ನ ತಡೆಯೋ ಬಿಎಂಎಸ್ ಇದ್ಯಾ ಅಂತ ನೋಡಿ ತಗೊಳ್ಳಿ.

ರಾತ್ರಿ ಬ್ಯಾಟರಿ ಇಳಿದ್ರೆ ಇಂಜಿನ್ ಸ್ಟಾರ್ಟ್ ಮಾಡಿ ಬಿಟ್ಟು ಮಲಗ್ತೀವಿ ಅಂತ ಒಬ್ರು ಬರೆದಿದಾರೆ. ದಯವಿಟ್ಟು ಬೇಡ. ಜನರೇಟರೂ ಬೇಡ. ಗ್ಯಾಸ್ ಫ್ರಿಜ್ ಬಿಟ್ಟು ಕಂಪ್ರೆಸರ್ ತಗೊಂಡಿದ್ದೇ ಕಾರ್ಬನ್ ಮೊನಾಕ್ಸೈಡ್ ಬೇಡ ಅಂತ, ಅದನ್ನ ಇನ್ನೊಂದು ಬಾಗಿಲಿಂದ ಒಳಗೆ ಕರೆಯೋದು ಯಾಕೆ. ಮತ್ತೆ ಯಾವ ಫ್ರಿಜ್ ಇದ್ರೂ ಸರಿ, ವ್ಯಾನಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು, ಹೊಗೆ ಅಲಾರಂ ಒಂದು ಇರ್ಲೇಬೇಕು, ಅಡುಗೆಗೆ ಗ್ಯಾಸ್ ಇದ್ರೆ ಗ್ಯಾಸ್ ಅಲಾರಂ ನೆಲದ ಹತ್ರ.

ಪ್ರಶ್ನೆ: ಚೆಂದ ಕಾಣ್ಲಿ ಅಂತ ಪ್ಲೈವುಡ್ ಪೆಟ್ಟಿಗೆ ಮಾಡಿ ಫ್ರಿಜ್ಜನ್ನ ಅದರೊಳಗೆ ಕರೆಕ್ಟಾಗಿ ಕೂರಿಸಿದೀನಿ, ಈಗ ನಿಲ್ಲೋದೇ ಇಲ್ಲ, ಓಡ್ತಾನೇ ಇರತ್ತೆ.

ಕರೆಕ್ಟಾಗಿ ಕೂತಿರೋದೇ ತೊಂದರೆ. ಒಳಗಿನ ಶಾಖಾನ ಹೊರಗೆ ಸುರಿಯೋದೇ ಫ್ರಿಜ್ಜಿನ ಕೆಲಸ, ಸುರಿಯೋಕೆ ಜಾಗ ಇಲ್ದಿದ್ರೆ ತನ್ನ ಬಿಸಿ ತಾನೇ ಉಸಿರಾಡ್ತಾ ಕೂರತ್ತೆ, ಕಂಪ್ರೆಸರ್ ಕಾಯತ್ತೆ, ಬ್ಯಾಟರಿ ಇಳಿಯತ್ತೆ. ಗಾಳಿ ಕಿಂಡಿ ಇರೋ ಕಡೆ ಕನಿಷ್ಠ 10 ಸೆಂಟಿಮೀಟರ್ ಬಿಡಿ, ಮ್ಯಾನುಯಲ್ ಜಾಸ್ತಿ ಕೇಳಿದ್ರೆ ಜಾಸ್ತಿ. ಪೆಟ್ಟಿಗೆಗೆ ಕೆಳಗೊಂದು ಕಿಂಡಿ, ಮೇಲೊಂದು ಕಿಂಡಿ, ಬಿಸಿ ಗಾಳಿ ಮೇಲೆ ಹೋಗ್ಲಿ, ಎರಡರ ಮಧ್ಯೆ ಒಂದು ಅಡ್ಡ ಹಲಗೆ ಇದ್ರೆ ಹೊರಗೆ ಹೋದ ಬಿಸಿ ತಿರುಗಿ ಒಳಗೆ ಬರಲ್ಲ. ಫ್ಯಾನ್ ಕಡೆಗೆ ಹಾಸಿಗೆ ಬಟ್ಟೆ, ಟವೆಲ್ಲು ತುರುಕ್ಬೇಡಿ.

ರೇಟಿಂಗ್ ಪ್ಲೇಟಲ್ಲಿ ಕ್ಲೈಮೇಟ್ ಕ್ಲಾಸ್ ಅಂತ ಅಕ್ಷರ ಇರತ್ತೆ, ಎನ್ ಅಂದ್ರೆ 32 ಡಿಗ್ರಿ ತನಕ, ಎಸ್‌ಟಿ 38, ಟಿ 43. ಟಿ ಇರೋದೇ ತಗೊಳ್ಳಿ. ಬಿಸಿಲಲ್ಲಿ ಬಾಗಿಲು ಮುಚ್ಚಿ ನಿಲ್ಲಿಸಿದ ವ್ಯಾನ್ ಒಳಗೆ ಅದನ್ನೂ ದಾಟತ್ತೆ, ಹಾಗಾಗಿ ನೆರಳು ನೋಡಿ ನಿಲ್ಲಿಸಿ, ಛಾವಣಿ ಫ್ಯಾನ್ ಓಡ್ತಿರ್ಲಿ. ಬ್ಯಾಟರಿ ಒಳಗೇ ಇರೋ ಫ್ರಿಜ್ಜುಗಳು ಈಗ ಬರ್ತಿವೆ, ಅವುಗಳ ಬ್ಯಾಟರೀನ ಅಂಥಾ ಬಿಸೀಲಿ ಚಾರ್ಜಿಗೆ ಹಾಕ್ಬೇಡಿ, ಲಿಥಿಯಂ ಅಯಾನ್ ಚಾರ್ಜಿಂಗ್ ಮಿತಿ ಸಾಮಾನ್ಯವಾಗಿ 45 ಡಿಗ್ರಿ.

ಪ್ರಶ್ನೆ: ಫ್ರಿಜ್ಜನ್ನ ಕಟ್ಟಲೇಬೇಕಾ? ಭಾರ ಇದೆ, ಅಲ್ಲಾಡಲ್ಲ.

ಭಾರ ಇರೋದಕ್ಕೇ ಕಟ್ಬೇಕು. ಖಾಲಿ ಫ್ರಿಜ್ 18 ಕೆಜಿ, ತುಂಬಿದ್ರೆ 40. ಡಿಕ್ಕಿ ಆದಾಗ 20 ಜಿ, ಅಂದ್ರೆ ಭೂಮಿಯ ಸೆಳೆತದ 20 ಪಟ್ಟು, ತನಕ ಹೋಗೋದು ದೊಡ್ಡ ಮಾತಲ್ಲ, ಅಂದ್ರೆ ಆ 40 ಕೆಜಿ ಒಂದು ಕ್ಷಣಕ್ಕೆ 800 ಕೆಜಿ ಥರ ಮುಂದಕ್ಕೆ ನುಗ್ಗತ್ತೆ, ಮುಂದಿರೋದು ಡ್ರೈವರ್ ಸೀಟು. ರ‍್ಯಾಚೆಟ್ ಬೆಲ್ಟ್ ಎರಡು, ಗಾಡಿಯ ಬಾಡಿಗೆ ಬೋಲ್ಟ್ ಆದ ಕೊಂಡಿಗಳಿಗೆ, ನೆಲಕ್ಕೆ ಹಾಸಿದ ಪ್ಲೈವುಡ್ಡಿಗೆ ಹೊಡೆದ ಸ್ಕ್ರೂಗಲ್ಲ. ಪ್ಲಾಸ್ಟಿಕ್ ಹಿಡಿಕೆ ಇರೋದು ಎತ್ತೋಕೆ, ಅದಕ್ಕೇ ಬೆಲ್ಟ್ ಹಾಕಿದ್ರೆ ಹಿಡಿಕೆ ಮಾತ್ರ ಅಲ್ಲೇ ಉಳಿಯತ್ತೆ. ಸ್ಲೈಡ್ ಮೇಲೆ ಕೂರಿಸೋರು ಒಳಗೆ ತಳ್ಳಿದಾಗಲೂ ಹೊರಗೆ ಎಳೆದಾಗಲೂ ಎರಡೂ ಕಡೆ ಲಾಕ್ ಆಗೋ ಸ್ಲೈಡ್ ತಗೊಳ್ಳಿ, ಇಳಿಜಾರಲ್ಲಿ ನಿಲ್ಲಿಸಿದಾಗ ಬೆರಳು ಉಳಿಯತ್ತೆ.

ಪ್ರಶ್ನೆ: ಅಮ್ಮನ ಇನ್ಸುಲಿನ್ ಇದರಲ್ಲಿ ಇಡಬಹುದಾ? ಡಿಸ್‌ಪ್ಲೇ 4 ಡಿಗ್ರಿ ತೋರಿಸತ್ತೆ.

ಇಡಬಹುದು, ಆದ್ರೆ ಡಿಸ್‌ಪ್ಲೇ ನಂಬಿ ಅಲ್ಲ. ಅದು ತೋರಿಸೋದು ಸೆನ್ಸರ್ ಕೂತಿರೋ ಒಂದು ಜಾಗದ ಕಥೆ. ಪೆಟ್ಟಿಗೆ ಥರದ ಫ್ರಿಜ್ಜಲ್ಲಿ ತಂಪಿನ ಪೈಪು ಗೋಡೆ ಸುತ್ತ ಇರತ್ತೆ, ಹಾಗಾಗಿ ಗೋಡೆಗೆ ಒತ್ತಿಕೊಂಡಿರೋದು ಹೆಪ್ಪುಗಟ್ಬಹುದು, ಕಂಪ್ರೆಸರ್ ಮೇಲಿರೋ ಪುಟ್ಟ ತಟ್ಟೆಯಂಥ ಭಾಗ 8-10 ಡಿಗ್ರಿಲಿ ಇರ್ಬಹುದು. ತೆರೆಯದ ಇನ್ಸುಲಿನ್ನಿಗೆ 2ರಿಂದ 8 ಡಿಗ್ರಿ ಬೇಕು, ಒಂದು ಸಲ ಹೆಪ್ಪುಗಟ್ಟಿದ್ರೆ ಕರಗಿದ ಮೇಲೆ ನೋಡೋಕೆ ಸರಿ ಇದ್ರೂ ಬಿಸಾಡ್ಬೇಕು. ಒಂದು ಡಿಜಿಟಲ್ ಥರ್ಮಾಮೀಟರ್ ತಗೊಂಡು, ಕನಿಷ್ಠ ಗರಿಷ್ಠ ಎರಡೂ ನೆನಪಿಟ್ಕೊಳ್ಳೋದು, ಅದರ ತುದೀನ ಮುಚ್ಚಳ ಇರೋ ಸಣ್ಣ ನೀರಿನ ಬಾಟಲೀಲಿ ಮುಳುಗಿಸಿ ಫ್ರಿಜ್ಜಿನ ಮಧ್ಯಕ್ಕೆ ಇಡಿ, ಒಂದು ರಾತ್ರಿ ಒಂದು ಹಗಲು ಬಿಟ್ಟು ನೋಡಿ. ಬರೀ ಗಾಳಿ ಅಳೆದ್ರೆ ಮುಚ್ಚಳ ತೆಗೆದಾಗೆಲ್ಲ ಅಂಕಿ ಕುಣಿಯತ್ತೆ, ನೀರು ಹಾಗಲ್ಲ. ಇನ್ಸುಲಿನ್ನನ್ನ ಡಬ್ಬೀಲಿ ಹಾಕಿ, ಬಟ್ಟೆ ಸುತ್ತಿ, ಗೋಡೆಯಿಂದ ದೂರ. ಬಳಕೇಲಿರೋ ಪೆನ್ ಎಷ್ಟು ದಿನ ಹೊರಗಿರ್ಬಹುದು ಅನ್ನೋದು ಅದರ ಪ್ಯಾಕೆಟ್ಟಲ್ಲೇ ಇದೆ. ಫ್ರಿಜ್ ಕೆಟ್ರೆ ಏನು ಮಾಡೋದು ಅಂತ ಡಾಕ್ಟ್ರ ಹತ್ರ ಹೊರಡೋ ಮುಂಚೆ ಕೇಳಿಟ್ಕೊಳ್ಳಿ.

ಊಟದ ವಿಷ್ಯಕ್ಕೂ ಇದೇ ಥರ್ಮಾಮೀಟರ್. ಕೆಡೋ ಪದಾರ್ಥ ಎರಡು ಗಂಟೆಗಿಂತ ಹೆಚ್ಚು ಹೊರಗಿನ ಬಿಸೀಲಿ ಇದ್ರೆ ಬೇಡ, 32 ಡಿಗ್ರಿ ದಾಟಿದ ದಿನ ಒಂದೇ ಗಂಟೆ. ಮೂಸಿ ನೋಡಿದ್ರೆ ಗೊತ್ತಾಗತ್ತೆ ಅನ್ನೋದು ಸುಳ್ಳು.

ಪ್ರಶ್ನೆ: ಇಷ್ಟೆಲ್ಲ ತಲೆನೋವು ಯಾಕೆ, ಒಳ್ಳೇ ಐಸ್ ಬಾಕ್ಸಿಗೆ ಡ್ರೈ ಐಸ್ ಹಾಕಿದ್ರೆ?

ಮಾಮೂಲಿ ಐಸ್ ಹಾಕಿ, ಅಡ್ಡಿ ಇಲ್ಲ. ಮಲಗೋ ವ್ಯಾನಲ್ಲಿ ಡ್ರೈ ಐಸ್ ಬೇಡವೇ ಬೇಡ. ಅದು ಗಟ್ಟಿ ಕಾರ್ಬನ್ ಡೈಆಕ್ಸೈಡ್, ಮೈನಸ್ 78 ಡಿಗ್ರಿ, ಕರಗಿ ನೀರಾಗಲ್ಲ, ನೇರ ಗ್ಯಾಸಾಗತ್ತೆ. ಒಂದು ಕೆಜಿ ಡ್ರೈ ಐಸಿಂದ ಬರೋ ಗ್ಯಾಸು ಹೆಚ್ಚು ಕಮ್ಮಿ ಅರ್ಧ ಘನ ಮೀಟರ್. ಹತ್ತು ಘನ ಮೀಟರಿನ ವ್ಯಾನ್ ಮುಚ್ಚಿದ್ರೆ ಶೇಕಡ 5ಕ್ಕೆ ಹೋಯ್ತು, ಶೇಕಡ 4ಕ್ಕೇ ಜೀವಕ್ಕೆ ಅಪಾಯ ಅಂತ ಲೆಕ್ಕ. ಇದೂ ಕೆಳಗೇ ಕೂರತ್ತೆ, ನೀವು ಮಲಗೋದೂ ಕೆಳಗೇ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದಕ್ಕೆ ಕೂಗಲ್ಲ, ಅದು ಬೇರೆ ಗ್ಯಾಸು.

ಪ್ರಶ್ನೆ: ಮನೇಲಿ ಒಂದು ಮಿನಿ ಫ್ರಿಜ್ ಸುಮ್ನೆ ಬಿದ್ದಿದೆ, ಇನ್ವರ್ಟರ್ ಹಾಕಿ ಅದನ್ನೇ ಬಳಸ್ಲಾ?

ಬೇಡ ಅಂತ ಹೇಳ್ತೀನಿ. ಸ್ಟಾರ್ಟ್ ಆಗುವಾಗ ಓಡೋ ಕರೆಂಟಿನ ಐದು ಹತ್ತು ಪಟ್ಟು ಕೇಳತ್ತೆ, ಅದಕ್ಕೆ ತಕ್ಕ ದೊಡ್ಡ ಪ್ಯೂರ್ ಸೈನ್ ಇನ್ವರ್ಟರ್ (ಮನೆ ಕರೆಂಟಿನ ಥರಾನೇ ನಯವಾದ ಅಲೆ ಕೊಡೋದು) ಬೇಕು, ಆ ಇನ್ವರ್ಟರ್ ಫ್ರಿಜ್ ಓಡಲಿ ಬಿಡಲಿ ದಿನವಿಡೀ ತಾನೊಂದಿಷ್ಟು ತಿನ್ನತ್ತೆ. ಬಾಗಿಲಿಗೆ ಅಯಸ್ಕಾಂತದ ರಬ್ಬರ್ ಅಷ್ಟೇ, ತಿರುವಲ್ಲಿ ತೆರ್ಕೊಳ್ಳತ್ತೆ. ಒಳಗಿನ ಪೈಪುಗಳು ರಸ್ತೆಯ ಕುಲುಕಾಟಕ್ಕೆ ಮಾಡಿದ್ದಲ್ಲ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ತಗೊಂಡ್ರೆ ಏನು ನೋಡ್ಬೇಕು? ನಮ್ಮ ಮಗುವಿಗೆ ಮೂರು ವರ್ಷ, ಅದೂ ತಲೇಲಿರ್ಲಿ.

ಮಗುವಿನ ಮಾತು ಮೊದ್ಲು. ಮೇಲಿಂದ ತೆಗೆಯೋ ದೊಡ್ಡ ಫ್ರಿಜ್ಜು, 60 ಲೀಟರಿಗೂ ಮೇಲಿಂದು, ಖಾಲಿ ಇದ್ರೆ ಸಣ್ಣ ಮಗು ಒಳಗೆ ಕೂರ್ಬಹುದು, ಮುಚ್ಚಳದ ಕೊಂಡಿ ಹೊರಗಿಂದ ಬಿಗಿಯೋದು, ಒಳಗಿಂದ ತೆಗೆಯೋಕಾಗಲ್ಲ, ಗಾಳಿ ಹೋಗಲ್ಲ. ಹಳೇ ಫ್ರಿಜ್ಜುಗಳ ಒಳಗೆ ಮಕ್ಕಳು ಸಿಕ್ಕಿ ಸತ್ತಿದ್ದಕ್ಕೇ ಅಮೆರಿಕದಲ್ಲಿ 1956ರಲ್ಲಿ ಮನೆ ಫ್ರಿಜ್ಜಿನ ಬಾಗಿಲು ಒಳಗಿಂದ ತೆಗೆಯೋಕೆ ಬರ್ಬೇಕು ಅಂತ ಕಾನೂನೇ ಮಾಡಿದ್ರು. ಬಳಸದೇ ಇಟ್ಟಾಗ ಮುಚ್ಚಳ ಬಿಚ್ಚಿ ಬೇರೆ ಇಡಿ, ಬಹಳ ಮಾಡೆಲ್ಲುಗಳಲ್ಲಿ ಕೈಯಲ್ಲೇ ಬಿಚ್ಬಹುದು. ವಾಸನೇನೂ ಹಿಡಿಯಲ್ಲ.

ಇನ್ನು ಹಳೇದು ನೋಡುವಾಗ, ನಾಳೆ ಬರ್ತೀನಿ ಹಿಂದಿನ ರಾತ್ರೀನೇ ಆನ್ ಮಾಡಿಡಿ ಅಂತ ಹೇಳ್ಬೇಡಿ, ಬೆಚ್ಚಗಿರೋದನ್ನ ನಿಮ್ಮೆದುರೇ ಆನ್ ಮಾಡ್ಸಿ, ಎಷ್ಟು ಹೊತ್ತಿಗೆ 5 ಡಿಗ್ರಿಗೆ ಇಳಿಯತ್ತೆ ನೋಡಿ, ಗಂಟೆಗಟ್ಟಲೆ ಒದ್ದಾಡಿದ್ರೆ ಗ್ಯಾಸ್ ಕಮ್ಮಿ ಆಗಿದೆ. ಪ್ಲಗ್ ತುದಿ ಕಂದು ಬಣ್ಣ ತಿರುಗಿದ್ಯಾ, ವೈರಿಗೆ ಟೇಪ್ ಸುತ್ತಿದಾರಾ, ಮುಚ್ಚಳದ ರಬ್ಬರ್ ಸಂದೀಲಿ ಒಂದು ಹಾಳೆ ಸಿಗಿಸಿ ಎಳೆದ್ರೆ ಸುಮ್ನೆ ಬರತ್ತಾ ನೋಡಿ. ಸೀರಿಯಲ್ ನಂಬರ್ ಬರ್ಕೊಂಡು ಆ ಮಾಡೆಲ್ ವಾಪಸ್ ಕರೆಸಿದ್ದಾರಾ ಅಂತ ಕಂಪನಿ ಸೈಟಲ್ಲಿ ಹುಡುಕಿ. ಮನೆಗೆ ತರುವಾಗ ಮಲಗಿಸಿ ತಂದಿದ್ರೆ ನೆಟ್ಟಗೆ ನಿಲ್ಲಿಸಿ ಕೆಲವು ಗಂಟೆ ಬಿಟ್ಟೇ ಆನ್ ಮಾಡಿ, ಕಂಪ್ರೆಸರಿನ ಎಣ್ಣೆ ತನ್ನ ಜಾಗಕ್ಕೆ ಇಳಿಯೋಕೆ.

ಇಷ್ಟು ಓದಿದ ಮೇಲೂ ಯಾರಾದ್ರೂ ಹಳೇ ತ್ರೀ-ವೇ ಕಮ್ಮಿಗೆ ಸಿಕ್ತು ಅಂತ ನೋಡೋಕೆ ಹೋಗೋದಾದ್ರೆ, ಹಿಂದಿನ ಪೈಪುಗಳ ಬೆಸುಗೆ ಹತ್ರ ಹಳದಿ ಪುಡಿ ಅಥವಾ ಕಲೆ ಇದ್ಯಾ ನೋಡಿ, ಪೈಪು ತುಕ್ಕು ಹಿಡೀದೇ ಇರ್ಲಿ ಅಂತ ಒಳಗೆ ಹಾಕಿರೋ ಸೋಡಿಯಂ ಕ್ರೋಮೇಟ್ ಅದು, ಹೊರಗೆ ಬಂದಿದೆ ಅಂದ್ರೆ ಒಳಗಿನದೂ ಸೋರಿದೆ. ಅದು ವಿಷ, ಬರಿಗೈಲಿ ಮುಟ್ಬೇಡಿ. ಮುಚ್ಚಳ ತೆಗೆದಾಗ ಮೂಗಿಗೆ ಚುಚ್ಚೋ ಅಮೋನಿಯಾ ವಾಸನೆ ಬಂದ್ರೂ ಅದೇ ಅರ್ಥ, ಬೆಲೆ ಚೌಕಾಸಿಗೂ ನಿಲ್ಲದೇ ವಾಪಸ್ ಬನ್ನಿ.